ಕೊಯ್ದ ತೊಲೆ

"ಗುರುಗಳೇ, ನಾಳೆ ನಾವು ಈ ಮಠ ಬಿಟ್ಟು ಬೆಟ್ಟದಾಚೆಯ ಮಠಕ್ಕೆ ಹೋಗಬೇಕು. ಅಲ್ಲಿರುವ ಎದುರು ಪಂಗಡದವರು ಇಲ್ಲಿಗೆ ಬರುತ್ತಾರೆ. ಇದನ್ನು ಇದ್ದ ಹಾಗೇ ಬಿಟ್ಟು ಹೋಗುವುದೇ, ಅವರಿಗೆ ದಕ್ಕದ ಹಾಗೆ ಕೆಡಿಸಿ ಹೋಗುವುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕೇಳು ಮರಿ. ಇದು ಓಲೆಯಲ್ಲಿ ಓದಿದ್ದಲ್ಲ, ಓದಲು ನನಗೆ ಬರುವುದೂ ಇಲ್ಲ. ಇದೇ ಕಣ್ಣಿನಿಂದ ಕಂಡದ್ದು.

ಒಂದು ಹೊಳೆ. ಅದರ ಎರಡು ದಡಗಳಿಗಾಗಿ ಇಬ್ಬರು ದೊರೆಗಳು ಬಡಿದಾಡುತ್ತಿದ್ದರು. ಇಬ್ಬರೂ ತಮ್ಮ ತಮ್ಮ ಜನರನ್ನು ತಂದು ಅಲ್ಲಿ ಊರು ಕಟ್ಟಿಸಿದ್ದರು. ಮೂಡಣ ದಡದಲ್ಲಿ ಒಬ್ಬ ರೈತ ಮನೆ ಕಟ್ಟಿದ. ಅದರ ನಡುತೊಲೆ ಎಳೆಯಲು ಹೂಡಿದ ಹನ್ನೆರಡು ಜೊತೆ ಎತ್ತು ಮೊಣಕಾಲೂರಿದವು. ಆಮೇಲೆ ನಾನೊಬ್ಬನೇ ಹೆಗಲು ಕೊಟ್ಟೆ. ನಗಬೇಡ, ಆಗ ನನಗೆ ವಯಸ್ಸಿತ್ತು.

ಕೊನೆಗೆ ದೊರೆಗಳು ರಾಜಿಯಾದರು. ಹೊಳೆಯೇ ಗಡಿ, ಆದರೆ ದಡಗಳು ಅದಲುಬದಲು. ಮೂಡಣದವರು ಪಡುವಣಕ್ಕೆ, ಪಡುವಣದವರು ಮೂಡಣಕ್ಕೆ. ಅವರು ಬಿಟ್ಟ ಮನೆ ಇವರಿಗೆ, ಇವರು ಬಿಟ್ಟದ್ದು ಅವರಿಗೆ.

ರೈತನ ಹೊಟ್ಟೆ ಉರಿಯಿತು. ತಾನು ಕಟ್ಟಿದ ಸೂರಿನಡಿ ಹಗೆಯವನು ಕಾಲು ಚಾಚಿ ಮಲಗುವುದೇ ಎಂದುಕೊಂಡ. ಹೊರಡುವ ಮುನ್ನ ನಡುತೊಲೆಯನ್ನು ಅಡಿಯಿಂದ ಮುಕ್ಕಾಲು ಪಾಲು ಗರಗಸದಲ್ಲಿ ಕೊಯ್ದ. ಸೀಳಿಗೆ ಮೇಣ ತುಂಬಿ, ಒಲೆಯ ಮಸಿ ಬಳಿದ. ಸೂರು ನಿಂತಿತ್ತು, ಇನ್ನೊಂದಿಷ್ಟು ಭಾರ ಬಿದ್ದರೆ ನಿಲ್ಲುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಳೆ ದಾಟಿದ.

ಪಡುವಣದಲ್ಲಿ ಅವನಿಗೆ ಬೇವಿನ ಮರದ ಪಕ್ಕದ ಮನೆ ಸಿಕ್ಕಿತು. ಒಳ್ಳೆಯ ಮನೆ. ಹೆಂಡತಿ ಒಲೆ ಸಾರಿಸಲು ಕೂತಳು. ಮಕ್ಕಳು ಹಿತ್ತಲಿನ ಬಾವಿಯ ಕಡೆಗೆ ಓಡಿದರು. ಇವನು ಹಳೆಯ ಮನೆ ಬೀಳುವುದನ್ನು ಕಣ್ತುಂಬ ನೋಡೋಣವೆಂದು ದಡಕ್ಕೆ ಬಂದು ನಿಂತ.

ಆಚೆ ದಡದ ಆ ಮನೆಯ ಮುಂದೆ ಕಂಡದ್ದು ಅವನೆಣಿಸಿದ್ದ ಸಿಪಾಯಿಯಲ್ಲ, ಒಬ್ಬಳು ಬಾಣಂತಿ. ಆ ಸೀಮೆಯವರು ಹೊಸ ಮನೆಗೆ ಕಾಲಿಟ್ಟೊಡನೆ ನಡುತೊಲೆಗೆ ತೊಟ್ಟಿಲು ಕಟ್ಟುತ್ತಾರೆ. ಕೂಸಿಲ್ಲದವರು ಗುಂಡುಕಲ್ಲನ್ನಾದರೂ ಮಲಗಿಸಿ ತೂಗುತ್ತಾರೆ. ಇವನೂ ಕಟ್ಟಿದವನೇ. ತೊಲೆ ಕೊಯ್ಯುವಾಗ ಅದು ನೆನಪಾಗಿರಲಿಲ್ಲ. ಬಾಣಂತಿಯ ಹಿಂದೆ ಅವಳ ಗಂಡ ತೊಟ್ಟಿಲು ಹೊತ್ತು ಒಳಗೆ ಹೋದ.

ರೈತ ಹೊಳೆಗೆ ಧುಮುಕಿದ. ಅವನ ಮುಖ ನೋಡಿ ಮೊಸಳೆಗಳೇ ದಾರಿ ಬಿಟ್ಟವು. ಬಾಗಿಲಿಗೆ ಬಂದಾಗ ತೊಲೆಗೆ ಹಗ್ಗ ಬಿಗಿದಿತ್ತು. ತಾಯಿ ಕೂಸನ್ನು ತೊಟ್ಟಿಲಿಗೆ ಇಳಿಸುತ್ತಿದ್ದಳು.

"ಕೂಸನ್ನು ಎತ್ತಿಕೋ ತಾಯಿ, ತೊಲೆ ಕೊಯ್ದಿದ್ದೇನೆ" ಎಂದ.

ಅವಳು ಕೂಸನ್ನು ಅವಚಿಕೊಂಡು ಹೊರಗೆ ಓಡಿದಳು. ಗಂಡ ಹೊಡೆಯುತ್ತಾನೆಂದು ರೈತ ತಲೆ ತಗ್ಗಿಸಿ ನಿಂತ. ಅವನು ಹೊಡೆಯಲಿಲ್ಲ. ಮುಖ ಬಿಳಿಚಿಕೊಂಡು, ಆಚೆ ದಡದಲ್ಲಿ ನಿನಗೆ ಯಾವ ಮನೆ ಕೊಟ್ಟರು ಎಂದು ಕೇಳಿದ. ಬೇವಿನ ಮರದ ಪಕ್ಕದ್ದು ಎಂದ ರೈತ.

"ಅಣ್ಣಾ, ಮಕ್ಕಳು ಬಾವಿಯ ನೀರು ಕುಡಿದರಾ?"

ರೈತ ತಿರುಗಿ ಓಡಿದ. ಕೇಳಿದವನೂ ಅವನ ಹಿಂದೆಯೇ ಓಡಿದ.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ಕಾಯಲಾರದೆ, "ಹೊತ್ತಿಗೆ ಸರಿಯಾಗಿ ತಲುಪಿದರಾ?" ಎಂದ.

ಗುರುಗಳು ಹೇಳಿದರು: "ಬೆಟ್ಟದಾಚೆಯ ಮಠದಲ್ಲೂ ಈ ಹೊತ್ತು ಒಬ್ಬ ಶಿಷ್ಯ ತನ್ನ ಗುರುವನ್ನು ನೀನು ಕೇಳಿದ್ದನ್ನೇ ಕೇಳುತ್ತಿರುತ್ತಾನೆ."