ಹೆಜ್ಜೆ ನಿಂತ ಹಳ್ಳ

ಮಸರಿಹಾಳದ ಕೆರೆಯಿಂದ ಅರ್ಧ ಹರದಾರಿ ಕೆಳಗೆ, ಎರೆಹೊಲಗಳ ನಡುವೆ ಹಾಯುವ ಹಳ್ಳಕ್ಕೆ ಹೆಜ್ಜೆ ನಿಂತ ಹಳ್ಳವೆಂದು ಹೆಸರು. ವರ್ಷದಲ್ಲಿ ಎಂಟು ತಿಂಗಳು ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಈಚೆಯ ದಂಡೆಯಲ್ಲಿ ಜಾಲಿಮರದ ಕೆಳಗೆ ಸುಣ್ಣ ಬಳಿದ ಮೊಳದೆತ್ತರದ ಗುಡಿಯಿದೆ. ಕೊಲೆ ಮಾಡಿದವನೊಬ್ಬ ಇಲ್ಲಿಯವರೆಗೆ ಓಡಿಬಂದನೆಂದೂ, ಹಳ್ಳದ ದೇವಿ ಅವನನ್ನು ನುಂಗಿದಳೆಂದೂ, ಅದಕ್ಕೇ ಹೆಜ್ಜೆ ಇಲ್ಲಿ ನಿಂತಿತೆಂದೂ ಪೂಜಾರಿ ಹೇಳುತ್ತಾನೆ. ನಾನು ಅವನಿಗೆ ಎದುರಾಡುವುದಿಲ್ಲ, ನಂಬುವುದೂ ಇಲ್ಲ. ನನ್ನ ತಾಯಿಯ ತವರು ನೀರಗಂಟಿಗಳ ಮನೆ. ಕೆರೆಯ ತೂಬು ಕಾದು, ಸರದಿಯಂತೆ ಹೊಲಗಳಿಗೆ ನೀರು ಬಿಡುವುದು ಅವರ ವೃತ್ತಿ. ಆ ಮನೆಯಲ್ಲಿ ಈ ಹೆಸರಿಗೆ ಬೇರೆಯೇ ಕಾರಣ ಹೇಳುತ್ತಿದ್ದರು.

ಹಿಂದೆ ಒಮ್ಮೆ, ಈ ಸೀಮೆ ದೇಸಾಯಿಯೊಬ್ಬನ ಕೈಯಲ್ಲಿದ್ದಾಗ, ಅಯ್ಯಣ್ಣನೆಂಬವನು ಇಲ್ಲಿ ನೀರಗಂಟಿಯಾಗಿದ್ದನಂತೆ. ಕೆರೆಯಲ್ಲಿ ನೀರು ಕಡಿಮೆಯಿದ್ದ ಒಂದು ವರ್ಷ, ನಡುಮಧ್ಯಾಹ್ನ, ಊರೆಲ್ಲ ಉಣ್ಣುವ ಹೊತ್ತಿನಲ್ಲಿ, ಅವನು ತೂಬಿನ ಬಳಿ ಸತ್ತು ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಸಲಿಕೆಯ ಏಟು ಬಿದ್ದಿತ್ತು. ತೂಬು ತೆರೆದೇ ಇತ್ತು. ಹೊರಬಿದ್ದ ನೀರಿನಿಂದ ಕಾಲುದಾರಿಯೆಲ್ಲ ಕೆಸರಾಗಿ, ಆ ಕೆಸರಿನಲ್ಲಿ ಓಡಿಹೋದವನ ಹೆಜ್ಜೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಊರಿನಲ್ಲಿ ಹುಲಿಗೆಪ್ಪನೆಂಬ ಜಾಡುಗಾರನಿದ್ದ. ಬಂಡೆಯ ಮೇಲೆ ನಡೆದುಹೋದ ಮೇಕೆಯನ್ನೂ ಜಾಡು ಹಿಡಿದು ತರುತ್ತಿದ್ದ ಎನ್ನುತ್ತಾರೆ. ದೇಸಾಯಿಯ ಚಾವಡಿಯಲ್ಲಿ ಅವನ ಮಾತಿಗೆ ಯಾರೂ ಆಣೆ ಕೇಳುತ್ತಿರಲಿಲ್ಲ. ಅವನು ಬಗ್ಗಿ ಜಾಡು ನೋಡುತ್ತ ಮುಂದೆ ನಡೆದ. ಊರು ಹಿಂದೆ ನಡೆಯಿತು. ಹಳ್ಳದ ದಂಡೆಗೆ ಬಂದವನೇ ಸೊಂಟ ನೆಟ್ಟಗೆ ಮಾಡಿ, ಅಂಗಾಲು ಮುಳುಗುವಷ್ಟಿದ್ದ ನೀರಿನಲ್ಲಿ ಮುಖ ತೊಳೆದುಕೊಂಡು, "ಹೆಜ್ಜಿ ಇಲ್ಲಿಗೇ ನಿಂತಾವ. ಮುಂದ ಹೋಗಿಲ್ಲ. ಬಂದಾಂವ ಹುಲ್ಲಿನ ಮ್ಯಾಲೆ ಹಾಯ್ದು ಹಿಂದಕ್ಕ ಹೋಗ್ಯಾನ" ಎಂದ.

ಹಿಂದಕ್ಕೆ ಹೋಗಿದ್ದಾನೆಂದರೆ ಕೆರೆಯ ಕಡೆಗೆ. ಕೆರೆಯ ಏರಿಯ ಮೇಲಿನ ಮಂಟಪದಲ್ಲಿ ಆ ದಿನ ಇದ್ದವನು ಒಬ್ಬನೇ: ಊರೂರು ತಿರುಗಿ ಬಾಚಣಿಗೆ ಮಾರುವ ಜಂಬಯ್ಯ. ಅವನ ಕಾಲಿಗೂ ಕೆಸರು ಮೆತ್ತಿತ್ತು. ನೀರು ಕುಡಿಯಲು ಇಳಿದಿದ್ದೆನೆಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರ ಊರವನ ಕಾಲಿನ ಕೆಸರು ಊರವರಿಗೆ ಬೇಗ ಕಾಣುತ್ತದೆ. ಅವನ ಕೈ ಕಟ್ಟಿ ದೇಸಾಯಿಯ ವಾಡೆಗೆ ಕಳಿಸಿದರು. ಐದನೆಯ ದಿನ ನೇಣು ಎಂದು ತೀರ್ಪಾಯಿತು.

ಅಯ್ಯಣ್ಣನ ಹೆಂಡತಿ ಬಾಳವ್ವ ಮೊದಲು ಇದನ್ನು ಒಪ್ಪಿದ್ದಳಂತೆ. ಅವಳ ಮನಸ್ಸಿಗೆ ಮುಳ್ಳು ತಾಗಿಸಿದ್ದು ಒಂದು ಬುಟ್ಟಿ ರೊಟ್ಟಿ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಊರವರು ಸರದಿಯ ಮೇಲೆ ಊಟ ಕಳಿಸುವುದು ಪದ್ಧತಿ. ಮೊದಲ ದಿನ ಹುಲಿಗೆಪ್ಪನ ಮನೆಯಿಂದ ರೊಟ್ಟಿ ಬಂತು. ಎರಡನೆಯ ದಿನವೂ ಅಲ್ಲಿಂದಲೇ ಬಂತು. ಮೂರನೆಯ ದಿನ ಅವನ ಹೆಂಡತಿ ಬುಟ್ಟಿ ಇಳಿಸಿ, ತಲೆ ಎತ್ತದೆ, ನೀರೂ ಕೇಳದೆ ಹೊರಟಾಗ ಬಾಳವ್ವ ರೊಟ್ಟಿಯನ್ನು ಮುಟ್ಟಲಿಲ್ಲ. ನೆಂಟರಲ್ಲದವರಿಗೆ ಇಷ್ಟು ಮರುಕವೇಕೆ? ಜಾಡು ಸಿಗದಿದ್ದರೆ ಮತ್ತೆ ಮತ್ತೆ ಸುತ್ತಿ ಹುಡುಕುವ ಮನುಷ್ಯ ಅಂದು ಒಂದೇ ನೋಟಕ್ಕೆ ಮುಖ ತೊಳೆದದ್ದೇಕೆ? ಅವಳು ಯಾರಿಗೂ ಹೇಳದೆ ಹಳ್ಳಕ್ಕೆ ಹೋಗಿ, ಅಂದು ಊರವರು ಯಾರೂ ದಾಟದ ನೀರನ್ನು ದಾಟಿದಳು. ಆಚೆಯ ದಂಡೆಯ ಎರೆಮಣ್ಣಿನಲ್ಲಿ ಹೆಜ್ಜೆಗಳು ಒಣಗಿ ಗಟ್ಟಿಯಾಗಿ ನಿಂತಿದ್ದವು. ಬಲಗಾಲಿನ ಹೆಬ್ಬೆರಳು ಹೊರಕ್ಕೆ ಸೊಟ್ಟಗಿತ್ತು. ಆ ಹೆಜ್ಜೆಗಳು ಕೆರೆಯ ಕಡೆಗಲ್ಲ, ಹೊಲ ಬಳಸಿ ಊರಿನ ಹಿಂದಿನ ಓಣಿಯ ಕಡೆಗೆ ಹೊರಟಿದ್ದವು. ಅವಳು ಮನೆಯಲ್ಲಿದ್ದ ಗಡಿಗೆ ಮಡಕೆಗಳನ್ನೆಲ್ಲ ಹೊತ್ತು ತಂದು, ಒಂದೊಂದು ಹೆಜ್ಜೆಯ ಮೇಲೂ ಒಂದೊಂದನ್ನು ಕವುಚಿದಳು. ಯಾರನ್ನು ನಂಬಬೇಕೆಂದು ತಿಳಿಯದೆ, ನೆರೆಯವಳಿಗೂ ಬಾಯಿಬಿಡದೆ, ಒಬ್ಬಳೇ ನಡೆದು ವಾಡೆ ಸೇರಿದಳು.

ಮರುದಿನ ಬೆಳಿಗ್ಗೆ ದೇಸಾಯಿ ತಾನೇ ಬಂದ. ಜಂಬಯ್ಯನನ್ನೂ ಕರೆತಂದಿದ್ದರು. ಮೊದಲ ಮಡಕೆಯನ್ನು ಎತ್ತಿಸಿ ನೋಡಿದ ದೇಸಾಯಿ, ಪಕ್ಕದಲ್ಲೇ ಮಣ್ಣು ಕಲಸಿಸಿ, ಊರಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಕಾಲಿಡಬೇಕೆಂದು ಅಪ್ಪಣೆ ಕೊಟ್ಟ. ಜನ ತಮ್ಮ ಕಾಲುಗಳನ್ನೂ ಪಕ್ಕದವರ ಕಾಲುಗಳನ್ನೂ ಕದ್ದು ನೋಡತೊಡಗಿದರು. ಅಣ್ಣ ತಮ್ಮನನ್ನು, ಮಾವ ಅಳಿಯನನ್ನು ಅಳೆದ. ಜಂಬಯ್ಯ ಮೊದಲು ಕಾಲಿಟ್ಟ, ಹೊಂದಲಿಲ್ಲ. ಎರಡನೆಯವನು ಮುಂದೆ ಬರುವ ಮೊದಲೇ ಹುಲಿಗೆಪ್ಪ ಸಾಲು ಬಿಟ್ಟು ಬಂದು ನೆಲಕ್ಕೆ ಕುಳಿತ.

"ಯಾರೂ ಕಾಲಿಡೂದು ಬ್ಯಾಡ. ಅವು ನನ್ನ ತಮ್ಮ ಯಂಕೋಬನವು. ನೇಗಿಲು ಬಿದ್ದು ಬೆರಳು ಸೊಟ್ಟಾದಾಗ ನಾನೇ ಪಟ್ಟಿ ಕಟ್ಟಿದ್ದೆ. ಕೆರಿ ಬುಡದಾಗ ಮೊದಲ್ನೇ ಹೆಜ್ಜಿ ನೋಡಿದಾಗ್ಲೇ ಗೊತ್ತಾಗಿತ್ತು."

ಸರದಿ ತಪ್ಪಿಸಿ ತೂಬು ತೆರೆದಿದ್ದ ಯಂಕೋಬನನ್ನು ಅಯ್ಯಣ್ಣ ತಡೆದಿದ್ದ. ಯಂಕೋಬ ಸಾಲಿನಿಂದ ಓಡಲು ನೋಡಿದ, ಅವನನ್ನು ಹಿಡಿದರು. ಬೇರೊಬ್ಬನಿಗೆ ಕಟ್ಟಿದ್ದ ನೇಣು ಅವನಿಗಾಯಿತು. ಜಂಬಯ್ಯನ ಕಟ್ಟು ಬಿಚ್ಚಿದಾಗ ಮಣಿಕಟ್ಟುಗಳು ಕೀವುಗಟ್ಟಿದ್ದವು. ಊರವರು ಕೊಟ್ಟ ಮಜ್ಜಿಗೆಯನ್ನು ಅವನು ಮೂಸಿ ನೋಡಿ ಚೆಲ್ಲಿ ಹೋದನಂತೆ. ಹುಲಿಗೆಪ್ಪನಿಗೆ ಏನು ಶಿಕ್ಷೆಯೆಂದು ದೇಸಾಯಿ ಬಾಳವ್ವನನ್ನೇ ಕೇಳಿದ. ಅವಳು, "ಅವತ್ತ ಬಿಟ್ಟ ಜಾಡು ಇವತ್ತ ಮುಗಿಸ್ಲಿ. ಊರಿಗೆಲ್ಲ ಕೇಳೂ ಹಂಗ ಹೇಳ್ಕೋತ ನಡೀಲಿ" ಎಂದಳು. ಅವನು ಒಂದೊಂದು ಮಡಕೆ ಎತ್ತಿ, "ಇದು ನನ್ನ ತಮ್ಮಂದು" ಎಂದು ಕೂಗುತ್ತ, ತಾನು ಹುಟ್ಟಿದ, ತಮ್ಮನಿದ್ದ ಮನೆಯ ಹೊಸ್ತಿಲವರೆಗೆ ನಡೆದ. ಆಮೇಲೆ ಅವನು ಯಾರ ಜಾಡನ್ನೂ ಹಿಡಿಯಲಿಲ್ಲ. ಮಳೆಗೆ ಹೆಜ್ಜೆಗಳು ಕರಗಿದಾಗ, ಅವು ಇದ್ದಲ್ಲೆಲ್ಲ ತಾನೇ ಒಂದೊಂದು ಚಪ್ಪಟೆ ಕಲ್ಲು ಹುಗಿದ ಎನ್ನುತ್ತಾರೆ.

ಆಚೆಯ ದಂಡೆಯಲ್ಲಿ ಆ ಕಲ್ಲುಗಳು ಈಗಲೂ ಇವೆ. ಹದಿನೇಳನ್ನು ನಾನೇ ಎಣಿಸಿದ್ದೇನೆ; ಉಳಿದವು ಜೋಳದ ಹೊಲದೊಳಗೆ ಹೋಗುತ್ತವೆ, ಉಳುವವರು ಅವನ್ನು ಸುತ್ತುಹಾಕಿ ಉಳುತ್ತಾರೆ. ಹರಕೆ ಹೊತ್ತು ಬರುವವರು ಮಾತ್ರ ಈಚೆಯ ಗುಡಿಗೆ ಕಾಯಿ ಒಡೆದು, ಕಾಲು ತೊಳೆದು, ಇಲ್ಲಿಂದಲೇ ಹಿಂದಿರುಗುತ್ತಾರೆ. ಹಳ್ಳ ದಾಟಲು ಹತ್ತು ಹೆಜ್ಜೆಯೂ ಬೇಕಿಲ್ಲ.