ಎರಡೂವರೆ ದಿನದ ತೀರ್ಪು

"ಗುರುಗಳೇ, ಇಬ್ಬರ ಜಗಳದಲ್ಲಿ ತೀರ್ಪು ಹೇಳುವವನು ಇಬ್ಬರೂ ಒಪ್ಪುವಂತೆ ಹೇಳಿದರೆ ಸಾಕಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಹೊಳೆಯ ದಂಡೆಯಲ್ಲಿ ಒಂದು ಹೆಂಚಿನ ಕಾರ್ಖಾನೆ ಇತ್ತು. ಹೆಂಚು ಸುಟ್ಟ ಗೂಡನ್ನು ಎರಡು ದಿನ ಆರಲು ಬಿಟ್ಟು, ಆಮೇಲೆ ಕೆಲಸದವರು ಒಳಗೆ ಇಳಿದು ಹೆಂಚು ಹೊರುತ್ತಿದ್ದರು. ಅಷ್ಟರಲ್ಲಿ ಗೂಡು ಆರಿರುತ್ತಿರಲಿಲ್ಲ. ಮೂರು ದಿನ ಬಿಡಬೇಕು ಎಂದು ಕಾರ್ಮಿಕ ಸಂಘ ಕೇಳಿತು. ಎರಡೇ ದಿನ ಎಂದ ಮಾಲೀಕ. ಸಂಘ ಮುಷ್ಕರ ಹೂಡಿತು. ನಲವತ್ತು ದಿನ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ.

ಕೊನೆಗೆ ಎರಡೂ ಕಡೆಯವರು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟರೊಬ್ಬರನ್ನು ಮಧ್ಯಸ್ಥರೆಂದು ಒಪ್ಪಿದರು. ಅವರು ಹೇಳಿದ್ದೇ ಅಂತಿಮ ಎಂದು ಬರೆದು ಸಹಿ ಹಾಕಿದರು. ಮೇಷ್ಟರು ಒಂದು ವಾರ ಕೂತು ಇಬ್ಬರ ಮಾತನ್ನೂ ಕೇಳಿದರು. ಆಮೇಲೆ 'ಎರಡೂವರೆ ದಿನ' ಎಂದು ತೀರ್ಪು ಬರೆದರು. ಇಬ್ಬರೂ ಒಪ್ಪಿದರು. ಇಬ್ಬರೂ ಮೇಷ್ಟರಿಗೆ ಹಾರ ಹಾಕಿದರು.

ಆ ತೀರ್ಪಿನಂತೆ ತೆರೆದ ಮೊದಲ ಗೂಡಿನಲ್ಲೇ ಕಲ್ಯಾಣಿ ಎಂಬ ಹೆಂಗಸಿನ ಎರಡೂ ಅಂಗೈ ಬೆಂದವು. ಮೇಷ್ಟರು ಆಸ್ಪತ್ರೆಗೆ ಓಡಿದರು.

"ಎರಡೂವರೆ ದಿನಕ್ಕೆ ಗೂಡು ಆರುತ್ತದೆ ಎಂದು ನಿಮಗೆ ಹೇಳಿದವರು ಯಾರು, ಮೇಷ್ಟ್ರೇ?" ಎಂದು ಅವಳು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು.

ಯಾರೂ ಹೇಳಿರಲಿಲ್ಲ. ಮಾಲೀಕ ಎರಡು ಎಂದಿದ್ದ, ಸಂಘ ಮೂರು ಎಂದಿತ್ತು; ಮೇಷ್ಟರು ನಡುವಿನದನ್ನು ಆರಿಸಿದ್ದರು.

ಅಂದಿನಿಂದ ಮೇಷ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಉಣ್ಣಲು ಕೂತವರು ಅರ್ಧಕ್ಕೇ ಏಳುತ್ತಿದ್ದರು. ಮಾಲೀಕನ ಮನೆಗೆ ಹೋಗಿ, "ನನ್ನ ತೀರ್ಪು ತಪ್ಪು, ತಿದ್ದಿ ಬರೆಯುತ್ತೇನೆ" ಎಂದರು. "ಸಹಿ ಬಿದ್ದು ಆಗಿದೆ" ಎಂದ ಮಾಲೀಕ. ಅಲ್ಲಿಂದ ನೇರ ಸಂಘದ ಕಚೇರಿಗೆ ನಡೆದರು. "ಅರ್ಧ ದಿನ ಗೆದ್ದೆವೆಂದು ಮೆರವಣಿಗೆ ಮಾಡಿದ್ದೇವೆ. ಈಗ ಕೆದಕಿದರೆ ಅದೂ ಹೋದೀತು" ಎಂದ ಮುಖಂಡ.

ಮುಂದಿನ ಗೂಡು ತೆರೆಯುವ ಹೊತ್ತಿಗೆ ಮೇಷ್ಟರು ಪಂಚೆ ಎತ್ತಿ ಕಟ್ಟಿ, ಎಲ್ಲರಿಗಿಂತ ಮೊದಲು ಒಳಗೆ ಇಳಿದರು. ಯಾರು ತಡೆದರೂ ನಿಲ್ಲಲಿಲ್ಲ. ನಾಲ್ಕು ಹೆಂಚು ಎತ್ತಿದರು. ಐದನೆಯದಕ್ಕೆ ಕೈ ಹಾಕಿದವರು ಅಲ್ಲೇ ಕುಸಿದರು. ಅವರನ್ನು ಹೊತ್ತು ಹೊರತಂದ ಕೆಲಸದವರು ಮತ್ತೆ ಒಳಗೆ ಕಾಲಿಡಲಿಲ್ಲ. ಇಳಿಯಿರಿ ಎನ್ನಲು ಮಾಲೀಕನಿಗೂ ಬಾಯಿ ಬರಲಿಲ್ಲ. ಆ ಗೂಡು ಮೂರು ದಿನ ತುಂಬಿದ ಮೇಲೆ ಖಾಲಿಯಾಯಿತು. ಅದರ ನಂತರದ್ದೂ ಹಾಗೆಯೇ. ಕಾಗದದ ಮೇಲೆ ಮಾತ್ರ ಇಂದಿಗೂ ಎರಡೂವರೆ ಎಂದೇ ಇದೆ. ಮೇಷ್ಟರು ಬದುಕಿಕೊಂಡರು, ಆದರೆ ಮತ್ತೆಂದೂ ಯಾರ ಜಗಳಕ್ಕೂ ಮಧ್ಯಸ್ಥರಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಹಾಗಾದರೆ ಗೆದ್ದವರು ಯಾರು?" ಎಂದ.

ಗುರುಗಳೆಂದರು: "ಗೂಡಿನ ಹೊರಗೆ ನಿಂತವರು ಕೇಳುವ ಪ್ರಶ್ನೆ ಅದು."