ಬಿಟ್ಟು ಹೋದವನ ಬಗ್ಗೆ ಒಂದು ಮಾತು

"ಗುರುಗಳೇ, ನಮ್ಮಲ್ಲಿ ಕೆಲಸ ಬಿಟ್ಟು ಹೋದವರ ಬಗ್ಗೆ ಬೇರೆ ಕಡೆಯವರು ವಿಚಾರಿಸಿ ಪತ್ರ ಬರೆಯುತ್ತಾರೆ. ಹೇಗಿದ್ದ, ಏಕೆ ಬಿಟ್ಟ ಎಂದು ಕೇಳುತ್ತಾರೆ. ಆ ಉತ್ತರ ಹೇಳುವ ಕೆಲಸವನ್ನು ಪೇಟೆಯ ಕಚೇರಿಯೊಂದಕ್ಕೆ ಒಪ್ಪಿಸಿಬಿಡಬಹುದೇ?"

ಕೇಳಿದವನು ಮಠದ ಆಡಳಿತ ನೋಡಿಕೊಳ್ಳುತ್ತಿದ್ದ ಶಿಷ್ಯ. ಅಡುಗೆಯವರು, ಉಗ್ರಾಣದವರು, ಶಾಲೆಯ ಮೇಷ್ಟ್ರುಗಳು ಎಲ್ಲರೂ ಅವನ ಕೈಕೆಳಗೆ.

"ಏಕೆ?" ಎಂದರು ಗುರುಗಳು.

"ಸಮಯ ಸಾಲುವುದಿಲ್ಲ."

"ಈ ವರ್ಷ ಎಷ್ಟು ಪತ್ರ ಬಂದವು?"

"ಮೂರು."

ಗುರುಗಳು ನಗಲಿಲ್ಲ. ಕುಳಿತುಕೋ ಎಂದರು. ಆಮೇಲೆ ಹೀಗೆ ಹೇಳಿದರು.

ಒಂದೂರಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನ ಗಾಣದ ಕುಸುಬೆ ಎಣ್ಣೆಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಆ ಹೆಸರು ಬಂದದ್ದು ಫಕೀರಪ್ಪನೆಂಬ ಆಳಿನ ಕೈಯಿಂದ. ಕಾಳನ್ನು ಬೆರಳಲ್ಲಿ ಒತ್ತಿ ನೋಡಿಯೇ ಎಷ್ಟು ಎಣ್ಣೆ ಬಿಟ್ಟೀತು ಎಂದು ಅವನು ಹೇಳುತ್ತಿದ್ದ. ಗಾಣದ ಕೆಲಸ ಬಿಟ್ಟರೆ ಬೇರೆ ಯಾವ ಕೆಲಸವೂ ಅವನಿಗೆ ಬರುತ್ತಿರಲಿಲ್ಲ. ಹನ್ನೊಂದು ವರ್ಷ ಅಲ್ಲೇ ದುಡಿದ.

ಒಂದು ವರ್ಷ ದೀಪಾವಳಿಗೆ ಮುಂಚೆ ಸಾಕಷ್ಟು ಕುಸುಬೆ ಸಿಗಲಿಲ್ಲ. ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು. ವ್ಯಾಪಾರಿ ಹತ್ತಿಕಾಳಿನ ಎಣ್ಣೆ ತರಿಸಿ, ಇದನ್ನು ಬೆರೆಸು ಎಂದ. ಫಕೀರಪ್ಪ ಡಬ್ಬಿಯನ್ನು ಕೆಳಗಿಟ್ಟ.

"ಇದು ನನ್ನ ಕೈಲೆ ಆಗೂದಿಲ್ರೀ ಸಾವ್ಕಾರ್ರ," ಎಂದ. ಮರುದಿನ ಕೆಲಸಕ್ಕೆ ಬರಲಿಲ್ಲ. ಏಕೆ ಬಿಟ್ಟೆನೆಂದು ಊರಲ್ಲಿ ಯಾರಿಗೂ ಹೇಳಲಿಲ್ಲ.

ವ್ಯಾಪಾರಿ ತಾನೇ ಬೆರೆಸಿದ. ಹಬ್ಬ ಮುಗಿದ ಮೇಲೆ ನಿಲ್ಲಿಸಿದ. ಅಷ್ಟು ನಾಚಿಕೆ ಅವನಿಗಿತ್ತು. ಆದರೆ ಬೇರೆ ಗಾಣದವರು, ನಿಮ್ಮ ಫಕೀರಪ್ಪ ಕೆಲಸ ಕೇಳಿಕೊಂಡು ಬಂದಿದ್ದಾನೆ, ನಿಮ್ಮಲ್ಲಿ ಏಕೆ ಬಿಟ್ಟ ಎಂದು ವಿಚಾರಿಸತೊಡಗಿದಾಗ ಅವನು ಇಕ್ಕಟ್ಟಿಗೆ ಸಿಕ್ಕಿಬಿದ್ದ. ನಿಜ ಹೇಳಿದರೆ ತನ್ನ ಮರ್ಯಾದೆ ಹೋಗುತ್ತದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಎಣ್ಣೆ ಬೆರೆಸಲು ಬಂದ ಮನಸ್ಸು ಇದಕ್ಕೇಕೆ ಬರಲಿಲ್ಲವೋ, ಅದನ್ನು ಅವನನ್ನೇ ಕೇಳಬೇಕು.

ಆಗ ಪೇಟೆಯಲ್ಲಿ ಒಬ್ಬ ಕಾರಕೂನ ಹೊಸ ಕಚೇರಿ ತೆರೆದಿದ್ದ. ಕೆಲಸ ಬಿಟ್ಟವರ ಬಗ್ಗೆ ಯಾರೇ ವಿಚಾರಿಸಲಿ, ಹಳೆಯ ಯಜಮಾನರ ಪರವಾಗಿ ಅವನೇ ಉತ್ತರ ಕಳಿಸುತ್ತಿದ್ದ. ಸೇರಿದ ದಿನ, ಬಿಟ್ಟ ದಿನ, ಕೆಳಗೊಂದು ಮೊಹರು. ಏಕೆ ಬಿಟ್ಟ ಎಂದು ಕೇಳಿದರೆ 'ತಿಳಿಸಲು ಅಪ್ಪಣೆಯಿಲ್ಲ' ಎಂದು ಬರೆಯುತ್ತಿದ್ದ. ವ್ಯಾಪಾರಿಗೆ ಹೇಳಿ ಮಾಡಿಸಿದಂಥ ಮನುಷ್ಯ ಸಿಕ್ಕ. ನನಗೆ ಪುರುಸೊತ್ತಿಲ್ಲಪ್ಪ ಎಂದು ಎಲ್ಲವನ್ನೂ ಅವನಿಗೆ ಒಪ್ಪಿಸಿ ಹಗುರಾದ.

ಕಾರಕೂನ ಒಂದಕ್ಷರವೂ ಸುಳ್ಳು ಬರೆಯಲಿಲ್ಲ. ನಾಲ್ಕು ಗಾಣದವರು ಅವನ ಕಾಗದ ಓದಿದರು. ಹನ್ನೊಂದು ವರ್ಷ ಇದ್ದವನ ಬಗ್ಗೆ ಯಜಮಾನ ಬಾಯಿ ಬಿಡುವುದಿಲ್ಲವೆಂದರೆ ಆಳಿನ ಕೈ ಶುದ್ಧವಿರಲಾರದು ಅಂದುಕೊಂಡರು. ನಾಲ್ವರೂ ಫಕೀರಪ್ಪನನ್ನು ಬಾಗಿಲಿನಿಂದಲೇ ಕಳಿಸಿದರು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ಮೂರು ವರ್ಷ ಕಳೆಯಿತು. ವ್ಯಾಪಾರಿ ಮಗನಿಗೆ ಹೆಣ್ಣು ಗೊತ್ತು ಮಾಡಿದ. ನಿಶ್ಚಯದ ದಿನ ಎರಡೂ ಕಡೆಯ ಹಿರಿಯರು ಕೂತು ಸಕ್ಕರೆ ಹಂಚಿದರು. ವ್ಯಾಪಾರಿ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದ. ಹೆಣ್ಣಿನ ತಂದೆ ಸಂತೋಷದಲ್ಲಿದ್ದ, ಎಲ್ಲರಿಗೂ ಕೇಳುವಂತೆ ಹೇಳಿದ:

"ಹೆಣ್ಣು ಕೊಡೂ ಮುಂದ ಮನಿತನ ವಿಚಾರಿಸಬೇಕಲ್ರೀ. ನಿಮ್ಮಲ್ಲಿ ಈಗ ಇರೋರನ್ನ ಕೇಳಿದ್ರ ಚಲೋನ ಹೇಳ್ತಾರ. ಅದಕ್ಕ ಬಿಟ್ಟು ಹೋದವನ್ನ ಹುಡುಕಿ ಕೇಳಿದೆ. ಫಕೀರಪ್ಪ ಅಂತ, ನಮ್ಮೂರ ಪ್ಯಾಟ್ಯಾಗ ಹಮಾಲಿ ಮಾಡ್ತಾನ. 'ತಮ್ಮ ಹೆಂಡತಿ ಎಂಟು ತಿಂಗಳ ಹಾಸಿಗಿ ಹಿಡಿದಾಗ ಸಾವ್ಕಾರ್ರ ತಾವ ಕೈಯಾರೆ ಉಣಿಸಿದ್ರು, ಮಗ ಅದನ್ನ ನೋಡಿ ಬೆಳದಾನ, ಕಣ್ಣು ಮುಚ್ಚಿ ಹೆಣ್ಣು ಕೊಡ್ರಿ' ಅಂದ. ಮತ್ತ ನೀ ಯಾಕ ಬಿಟ್ಟಿ ಅಂದ್ರ, 'ಹೆಣ್ಣು ಕೊಡಾಕ ಅದೇನು ಅಡ್ಡಿ ಇಲ್ರಿ' ಅಂದ. ಇಂಥವಗ ಯಾರೂ ಗಾಣದ ಕೆಲಸ ಯಾಕ ಕೊಡಲಿಲ್ಲೋ, ನನಗಂತೂ ತಿಳೀಲಿಲ್ಲ."

ವ್ಯಾಪಾರಿಗೆ ಬಾಯಲ್ಲಿದ್ದ ಸಕ್ಕರೆ ನುಂಗಲಾಗಲಿಲ್ಲ. ಫಕೀರಪ್ಪನ ಬಗ್ಗೆ ಒಂದು ಮಾತು ಆಡಲಾರದೆ ಅವನು ಬಾಡಿಗೆಗೆ ಒಂದು ಬಾಯಿ ಹಿಡಿದಿದ್ದ. ಫಕೀರಪ್ಪನೋ ಸ್ವಂತ ಬಾಯಿಂದ ಅವನ ಮನೆತನ ಎತ್ತಿ ಹಿಡಿದಿದ್ದ, ಅದೂ ಸುಳ್ಳಾಡದೆ. ಹುಡುಕಿದ್ದರೆ ತನಗೂ ಅಂಥ ಮಾತು ಸಿಗುತ್ತಿರಲಿಲ್ಲವೇ ಎಂದು ವ್ಯಾಪಾರಿ ನಾಚಿ ಹಿಡಿಯಾದ.

ಮರುದಿನವೇ ಬೀಗರ ಊರಿನ ಪೇಟೆಗೆ ಹೋದ. ಫಕೀರಪ್ಪ ಬೆನ್ನ ಮೇಲಿನ ಚೀಲ ಇಳಿಸಿ ನಮಸ್ಕಾರ ಮಾಡಿದ. ವ್ಯಾಪಾರಿ ಅವನ ಮುಖ ನೋಡಲಾರದೆ, ವಾಪಸ್ಸು ಬಂದುಬಿಡು ಎಂದ.

"ಬರೂದಿಲ್ರೀ. ಬ್ಯಾರೆ ಯಾವುದಾರ ಗಾಣದಾಗ ಕೆಲಸ ಸಿಕ್ಕರ ನನಗ ಸಾಕು. ಯಾಕ ಬಿಟ್ಟಿ ಅಂತ ಎಲ್ಲಾರೂ ಕೇಳತಾರ. ಅದು ನಾ ಹೇಳೋ ಮಾತಲ್ರಿ, ನೀವು ಹೇಳೋ ಮಾತು."

ಹೇಳುತ್ತೇನೆ ಎಂದು ವ್ಯಾಪಾರಿ ಮಾತು ಕೊಟ್ಟ. ಅಲ್ಲಿಂದ ನೆಟ್ಟಗೆ, ಫಕೀರಪ್ಪನನ್ನು ಹಿಂದೆ ಕಳಿಸಿದ್ದ ನಾಲ್ಕು ಗಾಣಗಳಲ್ಲಿ ಮೊದಲನೆಯದಕ್ಕೆ ನಡೆದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ. ಗಾಣದ ಯಜಮಾನ ಚಾಪೆ ಹಾಸಿ ಕೂರಿಸಿದ. ಫಕೀರಪ್ಪ ಒಳ್ಳೆಯವನು, ಕೆಲಸ ಕೊಡಿ ಎಂದ ವ್ಯಾಪಾರಿ. ಹಾಗಾದರೆ ನಿಮ್ಮಲ್ಲಿ ಏಕೆ ಬಿಟ್ಟ ಎಂದು ಯಜಮಾನ ಕೇಳಿದ. ವ್ಯಾಪಾರಿ ಬಾಯಿ ತೆರೆದ. ಈ ಮಾತು ಬೀಗರ ಕಿವಿಗೆ ಬಿದ್ದರೆ ಮಗನ ಮದುವೆ ಏನಾದೀತು ಎಂಬುದು ಆಗ ನೆನಪಾಯಿತು. ಅವನು ನೆಲ ನೋಡಿದ.

"ಅದೊಂದು ಕೇಳಬ್ಯಾಡ್ರಿ," ಎಂದ.

ಯಜಮಾನ ತಲೆಯಾಡಿಸಿದ. "ತಿಳೀತ್ರಿ. ಮಾಡಬಾರದ್ದು ಮಾಡಿ ಹೋದವನ ಸಲುವಾಗಿ ಇಷ್ಟು ದೂರ ನಡಕೋತ ಬಂದೀರಿ. ದೊಡ್ಡ ಮನಸ್ಸು ಬಿಡ್ರಿ ನಿಮ್ಮದು."

ಮಾಡಬಾರದ್ದನ್ನು ಮಾಡಿದವನು ನಾನು ಎಂದು ಅಲ್ಲೇ ಹೇಳಬಹುದಿತ್ತು. ವ್ಯಾಪಾರಿ ಆ ಹೊಗಳಿಕೆಯನ್ನು ಕೇಳಿಸಿಕೊಂಡು ಎದ್ದು ಬಂದ. ಉಳಿದ ಮೂರು ಗಾಣಗಳ ಕಡೆಗೆ ಅವನ ಕಾಲೇಳಲಿಲ್ಲ. ಮಗನ ಮದುವೆ ಚೆನ್ನಾಗಿಯೇ ಆಯಿತು. ಫಕೀರಪ್ಪ ಇನ್ನೂ ಚೀಲ ಹೊರುತ್ತಿದ್ದಾನೆ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಎಂಥ ಮನುಷ್ಯ ಗುರುಗಳೇ ಅವನು! ಒಂದೇ ಒಂದು ಮಾತು ಹೇಳಿದ್ದರೆ ಆ ಬಡವನ ಬದುಕು ನೆಟ್ಟಗಾಗುತ್ತಿತ್ತು. ಅಷ್ಟಕ್ಕೂ ಅವನಿಗೆ ಬಾಯಿ ಬರಲಿಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನೀನು ಯಾರ ವಿಷಯದಲ್ಲಿ ಬಾಯಿ ಬಿಡಲಾರದೆ ನನ್ನ ಹತ್ತಿರ ಬಂದೆ?"